ಮಿಸೌರಿಯ ಜನ ತಡೆದ ಕಾರ್ಮಿಕ ಕಾನೂನು

ಅಮೆರಿಕದ ಮಿಸೌರಿ ರಾಜ್ಯದ ಶಾಸನಸಭೆ ಪಾಸು ಮಾಡಿದ್ದ 'ರೈಟ್ ಟು ವರ್ಕ್' ಕಾನೂನನ್ನು ಅಲ್ಲಿನ ಮತದಾರರೇ 2018ರ ಆಗಸ್ಟ್ 7ರಂದು ತಳ್ಳಿಹಾಕಿದರು. ವಿರುದ್ಧ ಬಿದ್ದ ಮತ ಸುಮಾರು 9.37 ಲಕ್ಷ, ಪರವಾಗಿ 4.52 ಲಕ್ಷ. 2016ರಲ್ಲಿ ರಿಪಬ್ಲಿಕನ್ ಪಕ್ಷದ ಟ್ರಂಪ್ ಅವರನ್ನು ಭಾರೀ ಅಂತರದಿಂದ ಗೆಲ್ಲಿಸಿದ್ದ ರಾಜ್ಯವಿದು.

ಜಗಳವೆಲ್ಲ ಯೂನಿಯನ್ ಚಂದಾದ್ದು. ಕಾರ್ಖಾನೆಯ ಬಹುಪಾಲು ಕಾರ್ಮಿಕರು ಒಂದು ಯೂನಿಯನ್ ಆರಿಸಿಕೊಂಡರೆ, ಅದು ಅಲ್ಲಿನ ಎಲ್ಲರ ಪರವಾಗಿ ಸಂಬಳ, ರಜೆ, ವಿಮೆಯ ಮಾತುಕತೆ ನಡೆಸಬೇಕು. ಸದಸ್ಯನಲ್ಲದವನಿಗೆ ಅನ್ಯಾಯವಾದರೂ ತಾರತಮ್ಯ ಮಾಡದೆ ಅವನ ಅಹವಾಲು ನೋಡಬೇಕು. ಇದು ಕೇಂದ್ರ ಕಾನೂನಿನ ಕಟ್ಟಳೆ. ಈ ಖರ್ಚಿನ ಪಾಲನ್ನು ಎಲ್ಲರೂ ಕಟ್ಟಲೇಬೇಕೆಂಬ ಒಪ್ಪಂದವನ್ನು 'ರೈಟ್ ಟು ವರ್ಕ್' ನಿಷೇಧಿಸುತ್ತದೆ. ಬೇಡದ ಸಂಘಕ್ಕೆ ನಾನೇಕೆ ದುಡ್ಡು ಕೊಡಲಿ ಎಂಬ ಪ್ರಶ್ನೆಯಲ್ಲಿ ತೂಕವಿದೆ, ನಿಜ. ಆದರೆ ಹೊಣೆಯನ್ನು ಹಾಗೇ ಉಳಿಸಿ ವರಮಾನ ಮಾತ್ರ ಕತ್ತರಿಸಿದರೆ ಸಂಘ ಸೊರಗದೆ ಇದ್ದೀತೆ?

ಫ್ಲಾರಿಡಾ, ಅರ್ಕಾನ್ಸಾ ರಾಜ್ಯಗಳು 1944ರಲ್ಲೇ ಈ ದಾರಿ ಹಿಡಿದಿದ್ದವು. ಅಧ್ಯಕ್ಷ ಟ್ರೂಮನ್ ವೀಟೋ ಮಾಡಿದರೂ 1947ರಲ್ಲಿ ಜಾರಿಯಾದ ಟಾಫ್ಟ್–ಹಾರ್ಟ್ಲಿ ಕಾಯ್ದೆ ಎಲ್ಲ ರಾಜ್ಯಗಳಿಗೂ ಆ ಅವಕಾಶ ಕೊಟ್ಟಿತು. ದಕ್ಷಿಣದಲ್ಲಿ ಬೇರೂರಿದ ಕಾನೂನು 2012ರಲ್ಲಿ ಮೋಟಾರು ಕಾರ್ಮಿಕರ ತವರಾದ ಮಿಷಿಗನ್‌ಗೂ ಬಂತು.

ಮಿಸೌರಿಯಲ್ಲಿ 1978ರ ಜನಮತವೂ ಇದನ್ನು ಸೋಲಿಸಿತ್ತು. 2015ರಲ್ಲಿ ಗವರ್ನರ್ ಜೇ ನಿಕ್ಸನ್ ವೀಟೋ ಮಾಡಿ ತಡೆದರು. ಮುಂದಿನ ಗವರ್ನರ್ ಎರಿಕ್ ಗ್ರೈಟೆನ್ಸ್ 2017ರ ಫೆಬ್ರವರಿಯಲ್ಲಿ ಸ್ಪ್ರಿಂಗ್‌ಫೀಲ್ಡ್‌ನ ಪಾಳುಬಿದ್ದ ಗೋದಾಮೊಂದಕ್ಕೆ ಹೋಗಿ ಸಹಿ ಹಾಕಿದರು. ಉದ್ಯೋಗ ಮರಳಿ ಬರುತ್ತದೆಂಬುದು ಅವರ ವಾದ. ಆಗಸ್ಟ್ 28ಕ್ಕೆ ಕಾನೂನು ಜಾರಿಯಾಗಬೇಕಿತ್ತು. ಹತ್ತು ದಿನ ಮೊದಲು ಯೂನಿಯನ್‌ಗಳು ಕಾನೂನನ್ನು ಜನಮತಕ್ಕೆ ಹಾಕಬೇಕೆಂದು ಕೋರಿ ಮೂರು ಲಕ್ಷಕ್ಕೂ ಹೆಚ್ಚು ಮತದಾರರ ಸಹಿಗಳನ್ನು ತಂದೊಪ್ಪಿಸಿದವು. ಬೇಕಿದ್ದದ್ದು ಸುಮಾರು ಒಂದು ಲಕ್ಷ. ಜನಮತ ಮುಗಿಯುವವರೆಗೆ ಕಾನೂನು ಅಲ್ಲೇ ನಿಂತಿತು. ನವೆಂಬರಿನಲ್ಲಿ ನಡೆಯಬೇಕಿದ್ದ ಮತದಾನವನ್ನು ಶಾಸನಸಭೆ ಆಗಸ್ಟಿಗೆ ಎಳೆದುಕೊಂಡರೂ ಫಲಿತಾಂಶ ಬದಲಾಗಲಿಲ್ಲ.

ರಾಜ್ಯದ ಉದ್ಯೋಗಿಗಳಲ್ಲಿ ಯೂನಿಯನ್ ಸದಸ್ಯರು ಆಗ ಶೇ 10ರಷ್ಟೂ ಇರಲಿಲ್ಲ. ಅವರಷ್ಟೇ ಮತ ಹಾಕಿದ್ದರೆ ಈ ಗೆಲುವು ಸಾಧ್ಯವೇ ಇರಲಿಲ್ಲ. ಸದಸ್ಯರಲ್ಲದವರೂ, ರಿಪಬ್ಲಿಕನ್ ಮತದಾರರೂ ಅವರ ಜೊತೆ ನಿಂತರು. ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದೇ.

ಆದರೂ ಜನಮತ ರದ್ದು ಮಾಡಿದ್ದು ಆ ಒಂದು ಕಾನೂನನ್ನು ಮಾತ್ರ. ಹೊಸದನ್ನು ತರಲು ಶಾಸನಸಭೆಗೆ ಅಡ್ಡಿಯಿಲ್ಲ. 2024ರಲ್ಲಿ ಮತದಾರರು ಒಪ್ಪಿದ್ದ ಸಂಬಳಸಹಿತ ಕಾಯಿಲೆ ರಜೆಯನ್ನು ಅದೇ ಶಾಸನಸಭೆ 2025ರಲ್ಲಿ ತೆಗೆದುಹಾಕಿತು.