ಕಫ ಹಳದಿಯಾದರೆ ಆ್ಯಂಟಿಬಯಾಟಿಕ್ ಬೇಕಾ?

"ಕಫ ಹಳದಿಗೆ ತಿರುಗಿದೆ, ಅಜಿತ್ರೋಮೈಸಿನ್ ಕೊಡಿ." ಮೆಡಿಕಲ್ ಶಾಪ್ ಮುಂದೆ ಸ್ವಲ್ಪ ಹೊತ್ತು ನಿಂತರೆ ಸಾಕು, ಈ ಮಾತು ಕಿವಿಗೆ ಬೀಳುತ್ತದೆ. ಅಜಿತ್ರೋಮೈಸಿನ್ ಅಂದರೆ ಬ್ಯಾಕ್ಟೀರಿಯಾ ಕೊಲ್ಲುವ ಒಂದು ಆ್ಯಂಟಿಬಯಾಟಿಕ್. ಆದರೆ ಆ ಬಣ್ಣ ಬ್ಯಾಕ್ಟೀರಿಯಾದ್ದಲ್ಲ, ನಮ್ಮದೇ ಬಿಳಿ ರಕ್ತಕಣಗಳದ್ದು. ಸೋಂಕಾದ ಜಾಗಕ್ಕೆ ನುಗ್ಗುವ ಈ ಕಣಗಳಲ್ಲಿ ಮೈಲೋಪೆರಾಕ್ಸಿಡೇಸ್ ಎಂಬ ಹಸಿರು ಬಣ್ಣದ ಕಿಣ್ವ ಇರುತ್ತದೆ. ಕಣ ಒಡೆದಾಗ ಅದು ಕಫಕ್ಕೆ ಸೇರಿ ಹಳದಿ, ಹಸಿರು ಬಣ್ಣ ತರುತ್ತದೆ. ವೈರಸ್ ಬಂದರೂ ಹೀಗೇ ಆಗುತ್ತದೆ, ಆದರೆ ವೈರಸ್‌ಗೆ ಆ್ಯಂಟಿಬಯಾಟಿಕ್ ನಾಟುವುದಿಲ್ಲ.

ಶ್ವಾಸನಾಳದ ಒಳಪದರ ಊದಿಕೊಂಡು ಬರುವ ಈ ಕೆಮ್ಮೇ ಅಕ್ಯೂಟ್ ಬ್ರಾಂಕೈಟಿಸ್. ನೂರಕ್ಕೆ 90ಕ್ಕೂ ಹೆಚ್ಚು ಜನರಲ್ಲಿ ಇದಕ್ಕೆ ವೈರಸ್ಸೇ ಕಾರಣ. ಇದನ್ನು ಪತ್ತೆ ಮಾಡಲು ಪ್ರತ್ಯೇಕ ಪರೀಕ್ಷೆ ಇಲ್ಲ. ಡಾಕ್ಟರು ಮುಖ್ಯವಾಗಿ ಹುಡುಕುವುದು ನ್ಯುಮೋನಿಯಾವನ್ನು, ಅಂದರೆ ಶ್ವಾಸಕೋಶಕ್ಕೇ ತಗುಲಿದ ಸೋಂಕನ್ನು. ನಾಡಿ ನಿಮಿಷಕ್ಕೆ 100 ದಾಟಿಲ್ಲ, ಉಸಿರು 24 ದಾಟಿಲ್ಲ, ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮೀರಿಲ್ಲ, ಸ್ಟೆತಸ್ಕೋಪ್ ಇಟ್ಟರೆ ಎದೆಯ ಯಾವುದೇ ಭಾಗದಲ್ಲಿ ಚರಚರ ಸದ್ದಿಲ್ಲ ಅಂದರೆ ಸಾಮಾನ್ಯವಾಗಿ ಎಕ್ಸ್‌ರೇ ಬೇಕಾಗುವುದಿಲ್ಲ. ತೀರಾ ವಯಸ್ಸಾದವರ ವಿಷಯ ಬೇರೆ. ಅವರಿಗೆ ನ್ಯುಮೋನಿಯಾ ಆದರೂ ಜ್ವರ ಬರದೇ ಇರಬಹುದು, ಸುಮ್ನೆ ಮಂಕಾಗಬಹುದು.

ನಿಜವಾದ ಗೊಂದಲ ಇರುವುದು ದಿನಗಳ ಲೆಕ್ಕದಲ್ಲಿ. ಕೆಮ್ಮು ಒಂದು ವಾರದಲ್ಲಿ ಹೋಗಬೇಕು ಅಂತ ನಾವು ಅಂದುಕೊಳ್ಳುತ್ತೇವೆ. ಅದು ಸರಾಸರಿ 18 ದಿನ ಇರುತ್ತದೆ. ಹತ್ತನೇ ದಿನ ತಾಳ್ಮೆ ಕೆಟ್ಟು ಮಾತ್ರೆ ಶುರು ಮಾಡುತ್ತೇವೆ, ಮುಂದಿನ ವಾರ ಕೆಮ್ಮು ತಾನಾಗಿಯೇ ಇಳಿಯುತ್ತದೆ. ಹೆಸರು ಮಾತ್ರ ಮಾತ್ರೆಗೆ! ಪ್ರಯೋಗಗಳಲ್ಲಿ ಅಳೆದು ನೋಡಿದಾಗ ಆ್ಯಂಟಿಬಯಾಟಿಕ್‌ನಿಂದ ಕೆಮ್ಮು ಕಡಿಮೆಯಾಗಿದ್ದು ಸುಮಾರು ಅರ್ಧ ದಿನ. ಅಷ್ಟಕ್ಕೆ ಭೇದಿ, ವಾಕರಿಕೆ ಯಾಕೆ ತಂದುಕೊಳ್ಳಬೇಕು, ಅಲ್ವಾ?

ಮೈಕೈ ನೋವಿಗೆ ಪ್ಯಾರಾಸಿಟಮಾಲ್, ಗಂಟಲಿಗೆ ಒಂದು ಚಮಚ ಜೇನುತುಪ್ಪ, ಬಿಸಿ ನೀರು, ಬೀಡಿ ಸಿಗರೇಟಿನಿಂದ ದೂರ. ಹೆಚ್ಚಿನವರಿಗೆ ಚಿಕಿತ್ಸೆ ಇಷ್ಟೇ. ಎದೆ ಗುಂಯ್‌ಗುಟ್ಟುತ್ತಿದ್ದರೆ ಮಾತ್ರ ಇನ್‌ಹೇಲರ್ ನೆರವಾಗಬಹುದು. ಕೆಮ್ಮಿನ ಸಿರಪ್‌ಗಳ ಬಗ್ಗೆ ನನಗಂತೂ ಜಾಸ್ತಿ ನಂಬಿಕೆಯಿಲ್ಲ, ಅವು ಕೆಲಸ ಮಾಡುತ್ತವೆ ಅನ್ನುವುದಕ್ಕೆ ಸಿಕ್ಕಿರುವ ಪುರಾವೆ ತೀರಾ ಕಡಿಮೆ.

ಹಾಗಂತ ನಮ್ಮ ದೇಶದಲ್ಲಿ 18 ದಿನ ಸುಮ್ಮನೆ ಕಾಯುವಂತಿಲ್ಲ. ಎರಡು ವಾರ ದಾಟಿದ ಕೆಮ್ಮಿಗೆ ಕ್ಷಯದ ಪರೀಕ್ಷೆ ಆಗಬೇಕು, ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ. ಕಫದಲ್ಲಿ ರಕ್ತ ಕಂಡರೆ, ಉಸಿರಾಡಲು ಕಷ್ಟವಾದರೆ ಅಷ್ಟು ದಿನವೂ ಕಾಯಬೇಡಿ. ಪರೀಕ್ಷೆಗೆ ಡಬ್ಬಿ ಕೊಟ್ಟಾಗ ಬಾಯಿಯ ಎಂಜಲು ಉಗಿದು ಕೊಟ್ಟರೆ ಪ್ರಯೋಜನವಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಬಾಯಿ ಮುಕ್ಕಳಿಸಿ, ಉಸಿರು ಎಳೆದುಕೊಂಡು, ಎದೆಯಾಳದಿಂದ ಕೆಮ್ಮಿ ಬಂದ ಕಫವನ್ನೇ ಕೊಡಬೇಕು.