ಸ್ಟಿಲಿಕೋ ಪುಸ್ತಕದ ನಡುವೆ ಒಳ್ಳೆಯವನಾದದ್ದು ಹೇಗೆ?

ಗ್ರೀಕ್ ಇತಿಹಾಸಕಾರ ಜೋಸಿಮಸ್ ಬರೆದ ರೋಮ್ ಇತಿಹಾಸದ ಐದನೇ ಭಾಗ ಓದಿದಾಗಲೆಲ್ಲ ನನಗೆ ಖುಷಿಯಾಗುತ್ತದೆ. ಶುರುವಿನಲ್ಲಿ ರೋಮ್ ಸೇನಾಪತಿ ಸ್ಟಿಲಿಕೋ ಶುದ್ಧ ದುಡ್ಡುಬಾಕ. ಎಲ್ಲ ಕಡೆಯ ಹಣವೂ ಅವನ ಮತ್ತು ಪೂರ್ವ ರೋಮಿನ ಮಂತ್ರಿ ರುಫಿನಸ್‌ನ ಮನೆಗೇ ಹರಿಯುತ್ತಿತ್ತಂತೆ. ಮುಂದೆ 408ರ ಆಗಸ್ಟ್ ಬರುತ್ತದೆ. ಇಟಲಿಯ ರವೆನ್ನಾದಲ್ಲಿ, ಮರಣದಂಡನೆಗೆ ಒಳಗಾದ ತನ್ನನ್ನು ಬಿಡಿಸಲು ಬಂದವರನ್ನು ತಾನೇ ತಡೆದು, ಸ್ಟಿಲಿಕೋ ಕತ್ತಿಗೆ ಕುತ್ತಿಗೆ ಒಡ್ಡುತ್ತಾನೆ. ಈಗ ಅದೇ ಜೋಸಿಮಸ್ ಹೇಳುತ್ತಾನೆ: ಅಂದಿನ ಅಧಿಕಾರಸ್ಥರಲ್ಲಿ ಇವನಷ್ಟು ಹದವರಿತವನು ಇನ್ನೊಬ್ಬನಿಲ್ಲ. 23 ವರ್ಷ ಸೇನೆ ನಡೆಸಿದರೂ ದುಡ್ಡಿಗೆ ಹುದ್ದೆ ಮಾರಲಿಲ್ಲ, ಸೈನಿಕರ ರೇಷನ್ನಿಗೆ ಕೈ ಹಾಕಲಿಲ್ಲ.

ಬದಲಾದದ್ದು ಸ್ಟಿಲಿಕೋ ಅಲ್ಲ, ಜೋಸಿಮಸ್ ಮುಂದಿಟ್ಟುಕೊಂಡಿದ್ದ ಪುಸ್ತಕ. ಅವನು ಬರೆದದ್ದು ಸುಮಾರು ನೂರು ವರ್ಷ ಕಳೆದ ಮೇಲೆ. 404ರ ಆಸುಪಾಸಿನವರೆಗಿನ ಘಟನೆಗಳಿಗೆ ಅವನ ಆಧಾರ ಯುನಾಪಿಯಸ್ ಎಂಬ ಹಿಂದಿನ ಇತಿಹಾಸಕಾರ. ಆತನಿಗೆ ಸ್ಟಿಲಿಕೋನನ್ನು ಕಂಡರಾಗದು. ಆ ಪುಸ್ತಕ ಅಲ್ಲಿಗೆ ಮುಗಿಯಿತು. ಆಮೇಲೆ ಎತ್ತಿಕೊಂಡದ್ದು ಇನ್ನೊಬ್ಬ ಇತಿಹಾಸಕಾರ ಒಲಿಂಪಿಯೊಡೋರಸ್‌ನನ್ನು. ಆತನಿಗೆ ಸ್ಟಿಲಿಕೋ ಮೇಲೆ ಗೌರವ. ಪರೀಕ್ಷೆಯಲ್ಲಿ ಅರ್ಧ ಉತ್ತರ ಎಡಗಡೆಯವನದು, ಅರ್ಧ ಬಲಗಡೆಯವನದು ನೋಡಿ ಬರೆದರೆ ಮೇಷ್ಟ್ರಿಗೆ ಗೊತ್ತಾಗುತ್ತದೆ, ಅಲ್ವಾ? ಇನ್ನೂ ಸರಿಯಾಗಿ ಹೇಳಬೇಕೆಂದರೆ, ಒಂದೇ ನಲ್ಲಿಯಲ್ಲಿ ಬೆಳಿಗ್ಗೆ ಬೋರ್‌ವೆಲ್ ನೀರು, ಸಂಜೆ ಕಾವೇರಿ ನೀರು ಬಂದಂತೆ. ಪೈಪು ಎಲ್ಲಿ ಕೂಡಿದೆಯೋ ಕಾಣದು, ಆದರೆ ನಾಲಿಗೆ ಹೇಳುತ್ತದೆ. ಆ ಎರಡೂ ಮೂಲ ಪುಸ್ತಕಗಳು ಇವತ್ತು ಚೂರುಪಾರು ಮಾತ್ರ ಉಳಿದಿವೆ. ಹಾಗಿರುವಾಗ ಈ ರುಚಿಯ ವ್ಯತ್ಯಾಸ ಎಷ್ಟು ಬೆಲೆಬಾಳುವ ಸಾಕ್ಷಿ ನೋಡಿ! ಜೋಸಿಮಸ್ ಯುನಾಪಿಯಸ್‌ನನ್ನು ನಕಲು ಮಾಡಿದ್ದಾನೆ, ಚಿಕ್ಕದಾಗಿ ಬರೆದಿರುವುದು ಮತ್ತು ಆತನ ಹಾಗೆ ಸ್ಟಿಲಿಕೋನನ್ನು ಬೈಯದಿರುವುದು ಮಾತ್ರ ವ್ಯತ್ಯಾಸ ಅಂತ 9ನೇ ಶತಮಾನದಲ್ಲೇ ಕಾನ್‌ಸ್ಟಾಂಟಿನೋಪಲ್‌ನ ವಿದ್ವಾಂಸ ಫೋಟಿಯಸ್ ಬರೆದಿಟ್ಟಿದ್ದ.

ಇದನ್ನು ನೋಡದೆ, "ಸ್ಟಿಲಿಕೋನ ಅಪ್ಪ ವ್ಯಾಂಡಲ್ ಎಂಬ ಜರ್ಮಾನಿಕ್ ಕುಲದವನು, ಅದಕ್ಕೇ ರೋಮಿಗೆ ದ್ರೋಹ ಮಾಡಿದ" ಅಂತ ಸುಮ್ನೆ ಹೇಳುವವರನ್ನು ಕಂಡರೆ ನನಗೆ ಬೇಸರ. ಆ ಮಾತಿನ ಬೇರು ಹಳೆಯದು. ಅವನು ಸತ್ತ ಮರುವರ್ಷವೇ ಕ್ರೈಸ್ತ ವಿದ್ವಾಂಸ ಜೆರೋಮ್ ಅವನನ್ನು ಅರೆ ಅನಾಗರಿಕ ದ್ರೋಹಿ ಅಂದ. ಕೆಲವೇ ವರ್ಷದಲ್ಲಿ ಕ್ರೈಸ್ತ ಇತಿಹಾಸಕಾರ ಒರೋಸಿಯಸ್ ಇಡೀ ವ್ಯಾಂಡಲ್ ಕುಲವನ್ನೇ ಜರೆದ. ಅಷ್ಟರಲ್ಲಿ 410ರಲ್ಲಿ ಗಾಥ್ ಎಂಬ ಜರ್ಮಾನಿಕ್ ಜನರ ದೊರೆ ಅಲಾರಿಕ್ ರೋಮ್ ಲೂಟಿ ಮಾಡಿದ್ದ, ತಪ್ಪು ಹೊರಿಸಲು ಒಬ್ಬ ಬೇಕಿತ್ತು. ಸ್ಟಿಲಿಕೋನನ್ನು ಹೊಗಳಿದ ಆ ಕಾಲದ ಕವಿ ಕ್ಲಾಡಿಯನ್‌ನನ್ನೂ ಪೂರ್ತಿ ನಂಬಬೇಡಿ. ಅವನು ಸ್ಟಿಲಿಕೋ ಕಡೆಯವನು.

ರೋಮಿನ ಹಳೆಯ ಸಾರ್ವಜನಿಕ ಚೌಕವಾದ ಫೋರಂನಲ್ಲಿ ಒಂದು ಕಲ್ಲಿದೆ. ಗಾಥ್‌ರ ವಿರುದ್ಧದ ಯುದ್ಧ ಮುಗಿದಾಗ, ಸೈನಿಕರ ನಿಷ್ಠೆಯನ್ನು ಮೆಚ್ಚಿ ನಿಲ್ಲಿಸಿದ್ದು. ಸೈನಿಕರನ್ನು ಹೊಗಳಿದ ಸಾಲುಗಳನ್ನು ಇವತ್ತಿಗೂ ಓದಬಹುದು. ಸೇನಾಪತಿಯ ಹೆಸರಿದ್ದ ಜಾಗವನ್ನು ಮಾತ್ರ ಉಳಿಯಿಂದ ಕೆತ್ತಿ ತೆಗೆದಿದ್ದಾರೆ.