ಕೊಡಚಾದ್ರಿ ಗುಹೆ ಜ್ವಾಲಾಮುಖಿಯಿಂದ ಆಗಿದ್ದಾ?

ಪ್ರಶ್ನೆ: ಅರಿಜೋನಾದಲ್ಲಿರುವ ಅಣ್ಣ ಸೈಕಲ್ ತುಳಿದು, ಆಮೇಲೆ ನಡೆದು ಲಾವಾ ಗುಹೆ ನೋಡಿಬಂದ ಫೋಟೊ ಕಳಿಸಿದ್ದಾನೆ. ನಮ್ಮ ಶಿವಮೊಗ್ಗ ಕಡೆ ಅಂಥದ್ದು ಇದೆಯಾ? ಕೊಡಚಾದ್ರಿಯ ಗಣೇಶ ಗುಹೆ ಅದೇ ಜಾತಿಯದ್ದಾ?

ಅಲ್ಲ. ಹಾಗಂತ ನಮ್ಮ ಕಡೆ ಲಾವಾ ಹರಿದೇ ಇಲ್ಲ ಅಂದ್ಕೋಬೇಡಿ.

ಲಾವಾ ಇಳಿಜಾರಲ್ಲಿ ಹರಿಯುವಾಗ ಗಾಳಿ ತಾಗಿ ಮೇಲ್ಭಾಗ ಹಾಲಿಗೆ ಕೆನೆ ಕಟ್ಟಿದ ಹಾಗೆ ಗಟ್ಟಿಯಾಗುತ್ತದೆ, ಒಳಗೆ ಸಾವಿರ ಡಿಗ್ರಿ ದಾಟಿದ ಬಿಸಿಯಲ್ಲಿ ಅದು ಹರಿಯುತ್ತಲೇ ಇರುತ್ತದೆ, ಕೊನೆಗೆ ಮೇಲಿಂದ ಬರುವುದು ನಿಂತಾಗ ಒಳಗಿದ್ದದ್ದು ಖಾಲಿಯಾಗಿ ಉದ್ದನೆಯ ಕೊಳವೆ ಉಳಿಯುತ್ತದೆ. ಅದೇ ಲಾವಾ ಗುಹೆ. ನಿಮ್ಮಣ್ಣ ಹೋಗಿದ್ದು ಫ್ಲಾಗ್‌ಸ್ಟಾಫ್ ಹತ್ತಿರದ ಲಾವಾ ರಿವರ್ ಕೇವ್ ಆಗಿದ್ದರೆ ಅದಕ್ಕೆ ಸುಮಾರು 7 ಲಕ್ಷ ವರ್ಷ. ಕಲ್ಲಿನ ಲೆಕ್ಕದಲ್ಲಿ ನಿನ್ನೆ ಮೊನ್ನೆಯದು.

ನಮ್ಮ ಕಲ್ಲಿಗೆ 250 ಕೋಟಿ ವರ್ಷಕ್ಕಿಂತ ಜಾಸ್ತಿ ವಯಸ್ಸು. ಪಕ್ಕದ ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿ ನೀರಿನಡಿ ಉಕ್ಕಿ ಉಂಡೆಯುಂಡೆಯಾಗಿ ಗಟ್ಟಿಯಾದ ದಿಂಬು ಲಾವಾ ಈಗಲೂ ಕಾಣುತ್ತದೆ, ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಆದರೆ ಟೊಳ್ಳು ಕೊಳವೆ ಅಷ್ಟು ಕಾಲ ಎಲ್ಲಿ ಉಳಿಯುತ್ತದೆ? ನೆಲದಡಿ ಹೂತು, ಬೆಂದು, ಹಿಂಡಿಹೋಗಿ, ಮತ್ತೆ ಮೇಲೆದ್ದು ಸವೆದ ಕಲ್ಲು ಇದು. ಇಲ್ಲಿನ ಗುಹೆಗಳು ಹೆಚ್ಚಾಗಿ ಬಿರುಕಿಗೆ ಮಳೆನೀರು ಇಳಿದು, ಬೇರು ನುಗ್ಗಿ, ಮೆತ್ತಗಿನ ಭಾಗ ಉದುರಿ ಆದವು. ಅದಕ್ಕೇ ಅವು ಚಿಕ್ಕವು.

ಕೊಡಚಾದ್ರಿಗೆ ಹೋಗೋದಾದರೆ ಖಂಡಿತ ಹೋಗಿ. ಹೊಸನಗರ, ನಗರ ಅನ್ನೋ ಊರು, ಸಂಪೆಕಟ್ಟೆ, ನಿಟ್ಟೂರು ದಾರಿ ಸೈಕಲ್‌ಗೆ ಸೊಗಸು, ಏರು ಮಾತ್ರ ಕಾಲಿನ ಕಸುವು ಕೇಳುತ್ತದೆ. ನಗರದ ಬಿದನೂರು ಕೋಟೆಯಲ್ಲಿ ಸುಧಾರಿಸ್ಕೊಳ್ಳಿ. ಸೈಕಲ್ ಕೆಳಗೇ ಬಿಡಿ, ಜೀಪ್ ಹೋಗುವ ಮಣ್ಣುದಾರಿಯಲ್ಲಿ ಅದನ್ನು ತಳ್ಳೋದು ಸುಮ್ನೆ ಹಟ. ತುದಿ 1,343 ಮೀಟರ್. ಗಣೇಶ ಗುಹೆ ದಾರಿಯಲ್ಲೇ ಸಿಗುತ್ತದೆ. ತುದಿಯ ಚಿಕ್ಕ ಕಲ್ಲುಗುಡಿ ಸರ್ವಜ್ಞ ಪೀಠದ ಆಚೆ ಚಿತ್ರಮೂಲ ಗುಹೆಗೆ ಇಳಿಯೋದು ಕಡಿದು, ಪಾಚಿ ಕಟ್ಟಿದ್ದರೆ ಬಿಟ್ಟುಬಿಡಿ. ಮಳೆಗಾಲದಲ್ಲಂತೂ ಇಂಬಳದ ಕಾಟ, ಮಂಜು ಬೇರೆ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಇದು ಮೂಕಾಂಬಿಕಾ ಅಭಯಾರಣ್ಯದ ಕಾಡು, ಹಾಗಾಗಿ ಹೊರಡುವ ಮೊದಲೇ ಅರಣ್ಯ ಇಲಾಖೆಯಲ್ಲಿ ಚಾರಣದ ಅನುಮತಿ ವಿಚಾರಿಸಿ.